ಬಾವಿಗೆ ಬ್ಲೀಚಿಂಗ್ ಪೌಡರ್: ನನ್ನ ಲೆಕ್ಕ ಎಲ್ಲಿ ತಪ್ಪಿತು?

ತೋಟದಮನೆ, ತೀರ್ಥಹಳ್ಳಿ:
ಮಳೆಗಾಲ ಅಲ್ವಾ, ಬಾವಿಗೆ ಬ್ಲೀಚಿಂಗ್ ಹಾಕೋಣ ಅಂತ ಹೊರಟೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಅಂತ ಗೊತ್ತಿತ್ತು. ಕಟ್ಟೆ ಮೇಲೆ ಟೇಪ್ ಹಿಡಿದರೆ ಈ ಅಂಚಿಂದ ಆ ಅಂಚಿಗೆ 8 ಅಡಿ, ನೀರು 10 ಅಡಿ. 3.14 × 8 × 8 × 10 ಅಂದರೆ ಸುಮಾರು 2010 ಘನ ಅಡಿ, ಒಂದು ಘನ ಅಡಿಗೆ 28.3 ಲೀಟರ್, ಹತ್ತಿರ ಹತ್ತಿರ 57 ಸಾವಿರ ಲೀಟರ್. 142 ಗ್ರಾಂ ಹಾಕಿದೆ. ಈಗ ಕಾಫಿ ಲೋಟ ಎತ್ತಿದರೆ ಸಾಕು, ಮೂಗು ಉರಿಯುತ್ತೆ. ಅಮ್ಮ ಎರಡು ದಿನದಿಂದ ಪಕ್ಕದ ಮನೆ ನೀರು ತರಿಸುತ್ತಿದ್ದಾರೆ, ನನ್ನ ಜೊತೆ ಮಾತಿಲ್ಲ.

ಗಣಿತದ ಮೇಷ್ಟ್ರು, ಸಾಗರ:
ಗುಣಿಸಬೇಕಾದ್ದು ತ್ರಿಜ್ಯವನ್ನ ಮಾರಾಯ್ರೇ, ನೀವು ವ್ಯಾಸವನ್ನೇ ಗುಣಿಸಿದ್ದೀರಿ. ಅಲ್ಲಿಗೇ ನಾಲ್ಕು ಪಟ್ಟು ಆಯ್ತು. ಇನ್ನೊಂದು ಅನುಮಾನ, ಆ 8 ಅಡಿ ಕಟ್ಟೆಯ ಹೊರ ಅಂಚಿಂದ ಅಳೆದದ್ದಾ?

ತೋಟದಮನೆ:
ಹೌದು. ಕಲ್ಲಿನ ಕಟ್ಟೆ, ಒಂದೊಂದು ಕಡೆ ಒಂದಡಿ ದಪ್ಪ.

ಗಣಿತದ ಮೇಷ್ಟ್ರು:
ಕಲ್ಲಿಗೂ ಬ್ಲೀಚಿಂಗ್ ಹಾಕಿದ್ದೀರಿ ಹಾಗಾದ್ರೆ! ಒಳಗೆ 6 ಅಡಿ, ತ್ರಿಜ್ಯ 3. 3.14 × 3 × 3 = 28.26 ಚದರ ಅಡಿ. ಹತ್ತಡಿ ನೀರಿಗೆ 8 ಸಾವಿರ ಲೀಟರ್ ಅಷ್ಟೇ. 20 ಗ್ರಾಂ ಸಾಕಿತ್ತು, ನೀವು ಏಳು ಪಟ್ಟು ಸುರಿದಿದ್ದೀರಿ.

ಹಳೇಬಾವಿ, ಹೊಸನಗರ:
ಮೇಷ್ಟ್ರ ಲೆಕ್ಕ ಸರಿ, ಆದ್ರೆ ಬಾವಿ ಪೂರ್ತಿ ದುಂಡಗೆ ಇರಲ್ಲ. ಒಂದು ಅಡಿಕೆ ದಬ್ಬೆ ಬಾಯಿಗೆ ಅಡ್ಡ ಇಟ್ಟು ಆಚೀಚೆ ಸರಿಸಿ, ಒಳ ಅಂಚಿಂದ ಒಳ ಅಂಚಿಗೆ ಎಲ್ಲಿ ಜಾಸ್ತಿ ಬರುತ್ತೋ ಅದು ವ್ಯಾಸ. ಎರಡು ದಿಕ್ಕಲ್ಲಿ ನೋಡಿ ಸರಾಸರಿ ತಗೊಳ್ಳಿ. ಆಮೇಲೆ ವ್ಯಾಸ × ವ್ಯಾಸ × 22, ಒಂದಡಿ ನೀರಿಗೆ ಅಷ್ಟು ಲೀಟರ್, ನನ್ನ ಬಾಯಿಲೆಕ್ಕ ಇದೇ. ಆಳವನ್ನ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು, ಹಗ್ಗ ಎಷ್ಟು ನೆನೆದಿದೆ ಅಂತ ಅವತ್ತೇ ನೋಡಬೇಕು. ಬೇಸಿಗೆಯಲ್ಲಿ ಮೂರಡಿ ಇದ್ದದ್ದು ಆಷಾಢಕ್ಕೆ ಕಟ್ಟೆ ಮುಟ್ಟುತ್ತೆ.

ಪುಡಿಯನ್ನ ನೇರ ಸುರಿಬೇಡಿ. ಬಕೆಟಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ಸುಣ್ಣ ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಮಾತ್ರ ಬಾವಿಗೆ. ಒಂದು ಗಂಟೆ ಆದ ಮೇಲೆ ಕುಡಿಬಹುದು. ಈಗಿರೋ ನೀರನ್ನ ಮೋಟರ್ ಹಾಕಿ ಖಾಲಿ ಮಾಡಿಬಿಡಿ, ಈ ಮಳೆಗೆ ತಿರುಗಿ ತುಂಬೋದು ಎಷ್ಟು ಹೊತ್ತು.

ತೋಟದಮನೆ:
ದಬ್ಬೆ ಇಟ್ಟು ನೋಡಿದೆ, 5 ಅಡಿ 9 ಇಂಚು. ಹತ್ತಡಿಗೆ 7,270 ಲೀಟರ್, 18 ಗ್ರಾಂ. ಅಂಗಡಿ ತಕ್ಕಡಿಯಲ್ಲಿ 18 ಗ್ರಾಂ ತೂಗಲ್ವಂತೆ, 180 ತೂಗಿಸಿ ಹತ್ತು ಪಾಲು ಮಾಡಿದೆ. ಮೋಟರ್ ಓಡ್ತಾ ಇದೆ. ಅಮ್ಮ ಬಾಗಿಲಲ್ಲೇ ನಿಂತು ನೋಡ್ತಾ ಇದ್ದಾರೆ.