ಸಿಟ್ಟಿಗೆದ್ದ ಮಕ್ಕಳು, ಪೋಷಕರನ್ನ ತಣ್ಣಗೆ ಮಾಡೋ ತರಬೇತಿಗೆ ಅನುದಾನ ತಗೊಂಡೋರು ಇದೀರಾ?

ತುಮಕೂರು ಎಚ್‌ಎಂ:
ನಮಸ್ಕಾರ ಎಲ್ರಿಗೂ. ನಾನು ತುಮಕೂರು ಹತ್ರ ಹಳ್ಳಿ ಹೈಸ್ಕೂಲಿನ ಮುಖ್ಯ ಶಿಕ್ಷಕಿ, 140 ಮಕ್ಕಳು, ಒಂಬತ್ತು ಜನ ಸ್ಟಾಫು, ಅದರಲ್ಲಿ ಮೂರು ಜನ ಅತಿಥಿ ಶಿಕ್ಷಕರು. ಹೋದ ತಿಂಗಳು ಒಂಬತ್ತನೇ ಕ್ಲಾಸ್ ಹುಡುಗ ಡೆಸ್ಕ್ ತಳ್ಳಿ ಕೂಗಾಡ್ದ, ಬಿಡಿಸೋಕೆ ಹೋದ ಮೇಡಂ ಮಣಿಕಟ್ಟು ಉಳುಕ್ತು, ಮಾರನೇ ದಿನ ಅವರಪ್ಪ ಕುಡ್ಕೊಂಡು ಬಂದು ಗೇಟಲ್ಲಿ ರಂಪ. ಇಂಥ ಹೊತ್ತಲ್ಲಿ ಹೇಗೆ ನಿಲ್ಬೇಕು, ಏನು ಮಾತಾಡ್ಬೇಕು ಅಂತ ಸ್ಟಾಫಿಗೆ ಎರಡು ದಿನ ತರಬೇತಿ ಕೊಡಿಸೋ ಆಸೆ. ಸರ್ಕಾರದ ಅನುದಾನದಲ್ಲಿ ಮಾಡಿಸಿದೋರು ಹೇಳಿ.

ಕೋಲಾರ ಜಿಲ್ಲೆ ಮೇಷ್ಟ್ರು:
ಶಾಲಾ ಅನುದಾನಕ್ಕೆ ಕೈ ಹಾಕೋಕ್ ಮುಂಚೆ ನಂದು ಕೇಳಿ ಮೇಡಂ. ಸಮಗ್ರ ಶಿಕ್ಷಣ ಅನ್ನೋ ಕೇಂದ್ರದ ಶಾಲಾ ಯೋಜನೆ ಲೆಕ್ಕದಲ್ಲಿ 100 ದಾಟಿ 250 ಮಕ್ಕಳ ತನಕ ವರ್ಷಕ್ಕೆ 50,000, ಅದರಲ್ಲಿ 10 ಪರ್ಸೆಂಟ್ ಆದ್ರೂ ಸ್ವಚ್ಛತೆಗೇ ಹೋಗ್ಬೇಕು, ಉಳಿದಿದ್ದು ಕರೆಂಟು ರಿಪೇರಿ ಸೀಮೆಸುಣ್ಣ. ನಾನು ಅದರಲ್ಲೇ ಉಳಿಸಿ ಬೆಂಗಳೂರಿಂದ ಒಬ್ಬರು ಕೌನ್ಸಿಲರ್ ಕರೆಸ್ದೆ. ದಿನಕ್ಕೆ 4,500ರಂತೆ ಎರಡು ದಿನಕ್ಕೆ 9,000, ಕಾರು 2,800, ತಿಂಡಿ ಊಟ 3,360, ಜೆರಾಕ್ಸು 410, ಒಟ್ಟು 15,570. ಎಸ್‌ಡಿಎಂಸಿಯೋರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮಾಡಿ ಸಾರ್ ಅಂತ ಬಾಯಲ್ಲಿ ಹೇಳಿದ್ರು, ನಡಾವಳಿ ಪುಸ್ತಕದಲ್ಲಿ ಆಮೇಲೆ ಬರೆಸೋಣ ಅಂತ ಬಿಟ್ಟೆ, ಅದೇ ತಪ್ಪಾಗಿದ್ದು. ಹನ್ನೊಂದು ತಿಂಗಳಾದ್ಮೇಲೆ ಆಡಿಟ್ನೋರು ಆಕ್ಷೇಪಣೆ ಬರೆದ್ರು. ತರಬೇತಿ ಈ ಅನುದಾನದ ಉದ್ದೇಶ ಅಲ್ಲ, ಪೂರ್ವಾನುಮತಿ ಇಲ್ಲ, ಕಾರಿಗೆ ಟ್ರಿಪ್ ಶೀಟ್ ಇಲ್ಲ. ನಾಲ್ಕು ಸಲ ಉತ್ತರ ಕೊಟ್ಟೆ. ಜೆರಾಕ್ಸ್ ಒಂದು ಬಿಟ್ಟು 15,160 ಕೈಯಿಂದ ಕಟ್ಟಿದೀನಿ, ಚಲನ್ ಇನ್ನೂ ಬೀರುವಲ್ಲಿದೆ. ರಿಟೈರ್‌ಮೆಂಟ್ ಹತ್ರ ಇದೆ, ಪೆನ್ಷನ್ ಪೇಪರ್ ನಿಲ್ಲುತ್ತೆ ಅನ್ನೋ ಭಯಕ್ಕೆ ಕಟ್ಟಿದ್ದು, ತಪ್ಪು ಮಾಡಿದೀನಿ ಅಂತ ಅಲ್ಲ.

ಚಿಂತಾಮಣಿ ಕಡೆ ಮೇಡಂ:
ಬೆಂಗಳೂರಿಂದ ಕಾರಲ್ಲಿ ಕರೆಸೋದೇ ಯಾಕೆ ಸಾರ್? ನಾವು ಅನುದಾನದಲ್ಲಿ ಒಂದು ರೂಪಾಯಿ ಮುಟ್ಲಿಲ್ಲ. ಮನೋಚೈತನ್ಯ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರ್ತಾರಲ್ಲ, ಮೂರು ಮಂಗಳವಾರ ಚೀಟಿ ಮಾಡಿಸಿ ಪೇಷಂಟ್ ಥರ ಕಾದು ಕೂತೆ, ಕೊನೆಗೆ ಅವರ ಕಡೆಯೋರು ಒಬ್ಬರು ಎರಡು ಶನಿವಾರ ಮಧ್ಯಾಹ್ನ ಶಾಲೆಗೇ ಬಂದ್ರು. ಆಟೋ 240, ಕಾಫಿ ಬೋಂಡ 560, ಹದಿನಾರು ಜನ ತಲಾ ಐವತ್ತು ಹಾಕಿದ್ವಿ. ಭಾಷಣ ಇಲ್ಲ, ಆಡಿಸಿಯೇ ತೋರಿಸಿದ್ರು. ಎದೆಗೆದೆ ಕೊಟ್ಟು ನಿಲ್ಬೇಡಿ ಸ್ವಲ್ಪ ಓರೆಯಾಗಿ ನಿಲ್ಲಿ, ಬಾಗಿಲಿಗೆ ಅಡ್ಡ ಬರ್ಬೇಡಿ, ಮಾತಾಡೋರು ಒಬ್ಬರೇ ಇರ್ಲಿ, ಸುತ್ತ ನಿಂತು ನೋಡೋ ಮಕ್ಕಳನ್ನ ಮೊದಲು ಆಚೆ ಕಳ್ಸಿ. ನಮ್ ಕಡೆ ಅಪ್ಪಂದಿರಿಗೆ ಸಿಟ್ಟು ಬಂದ್ರೆ ತೆಲುಗಲ್ಲೇ ಕೂಗೋದು, ಅವರಿಗೆ ಪುಸ್ತಕದ ಕನ್ನಡದಲ್ಲಿ ದಯವಿಟ್ಟು ಶಾಂತರಾಗಿ ಅಂದ್ರೆ ಇನ್ನೂ ಉರಿಯುತ್ತೆ. "ಕೂಚೋ ಅನ್ನಾ, ನೀಳ್ಳು ತಾಗು" (ಕೂತ್ಕೋ ಅಣ್ಣಾ, ನೀರು ಕುಡಿ) ಅಂತ ಚೊಂಬು ಕೈಗೆ ಕೊಟ್ಟು ಸುಮ್ನೆ ನಿಂತೆ ಒಂದ್ಸಲ. ಎರಡೂ ಕೈಯಲ್ಲಿ ಚೊಂಬು ಹಿಡ್ಕೊಂಡು ಅತ್ತುಬಿಟ್ಟ ಆಯಪ್ಪ.

ಶಿರಾ ಕಡೆ ಪಿಟಿ ಮೇಷ್ಟ್ರು:
ನೀರು ಕೊಡೋಕೆ ಟೈಮ್ ಇದ್ರೆ ತಾನೇ. 2022ರಲ್ಲಿ ಎಂಟನೇ ಕ್ಲಾಸ್ ಹುಡುಗ್ರಿಬ್ರು ಕಂಪಾಸ್ ಹಿಡ್ಕೊಂಡು ಹೊಡೆದಾಡ್ತಿದ್ರು, ಹಿಂದಿಂದ ತಬ್ಬಿ ಎಳೆದೆ, ಅಷ್ಟೇ ನಾನ್ ಮಾಡಿದ್ದು. ಸಂಜೆಗೆ ಮೇಷ್ಟ್ರು ಹೊಡೆದ್ರು ಅಂತ ಕಂಪ್ಲೇಂಟು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 17ನೇ ಸೆಕ್ಷನ್, ಮಕ್ಕಳನ್ನ ಹೊಡೀಬಾರ್ದು ಅನ್ನೋದು, ಅದರ ನೋಟಿಸ್ ಬಂತು, ಏಳು ತಿಂಗಳು ವಿಚಾರಣೆ, ಹನ್ನೊಂದು ಸಲ ಓಡಾಡಿದೀನಿ, ಸಲಕ್ಕೆ 180 ಬಸ್ ಚಾರ್ಜು, ಮಗಳು ಪಿಯುಸಿ ಎಕ್ಸಾಂ ಬರೆಯೋ ದಿನಾನೂ ನಾನು ಅಲ್ಲಿ ಕಾರಿಡಾರಲ್ಲಿ ಕೂತಿದ್ದೆ. ಕೊನೆಗೆ ಆರೋಪ ಸಾಬೀತಾಗಿಲ್ಲ ಅಂತ ಒಂದೇ ಸಾಲಿನ ಆರ್ಡರು. ಅವತ್ತಿಂದ ವಿಷಲ್ ಊದ್ತೀನಿ, ಮೈ ಮುಟ್ಟಲ್ಲ. ಬೆತ್ತ ಇದ್ದ ಕಾಲದಲ್ಲಿ ಈ ತರಬೇತಿ ಯಾರಿಗೆ ಬೇಕಿತ್ತು?

ಚಿಂತಾಮಣಿ ಕಡೆ ಮೇಡಂ:
ನಿಮಗಾಗಿದ್ದು ಅನ್ಯಾಯವೇ ಸಾರ್. ಆದ್ರೆ ಬೆತ್ತದ ಮಾತು ಬೇಡ. ಆರನೇ ಕ್ಲಾಸಲ್ಲಿ ಬೆತ್ತದೇಟು ತಿಂದು ಎರಡು ವಾರ ಸ್ಕೂಲಿಗೆ ಹೋಗ್ದೆ ಮಾವಿನ ತೋಪಲ್ಲಿ ಕೂತಿದ್ದೋಳು ನಾನು.

ಶಿರಾ ಕಡೆ ಪಿಟಿ ಮೇಷ್ಟ್ರು:
ನಾನು ಹೊಡೀತೀನಿ ಅಂದ್ನಾ ಮೇಡಂ? ಇಪ್ಪತ್ತೊಂದು ವರ್ಷದ ಸರ್ವಿಸಲ್ಲಿ ಒಂದು ಮಗೂಗೆ ಕೈ ಎತ್ತಿಲ್ಲ. ಓದ್ದೇ ಬರೀಬೇಡಿ.

ಗೌರಿಬಿದನೂರು ಪ್ರೈವೇಟ್ ಶಾಲೆ:
ಕ್ಯಾಮೆರಾ ಇದ್ದಿದ್ರೆ ಪಿಟಿ ಸಾರ್ ಏಳು ತಿಂಗಳು ಅಲೀತಿರ್ಲಿಲ್ಲ. ನಾವು ಹದಿನಾರು ಕ್ಯಾಮೆರಾಗೆ 68,000 ಹಾಕಿದ್ವಿ, ಮೊದಲ ಮಳೆಗೇ ನಾಲ್ಕು ಹೋಯ್ತು, ರಿಪೇರಿಗೆ ಮತ್ತೆ 7,200, ಆದ್ರೂ ಪಶ್ಚಾತ್ತಾಪ ಇಲ್ಲ. ಸರ್ಕಾರಿ ಶಾಲೆಗೆ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣೆ ದುಡ್ಡು ಬರುತ್ತಲ್ಲ, ಅದರಲ್ಲೇ ಸ್ಟಾಫ್ ತರಬೇತಿ ಮಾಡಿಸ್ಬಹುದು.

ಕೋಲಾರ ಜಿಲ್ಲೆ ಮೇಷ್ಟ್ರು:
ದಯವಿಟ್ಟು ದಾರಿ ತಪ್ಪಿಸ್ಬೇಡಿ. ಅದು ಹೆಣ್ಮಕ್ಕಳ ಕರಾಟೆಗೆ ತಿಂಗಳಿಗೆ 5,000ದಂತೆ ಮೂರು ತಿಂಗಳು ಕೊಡೋ ದುಡ್ಡು. ಅದರಲ್ಲಿ ಮೇಷ್ಟ್ರುಗಳು ಬೋಂಡ ತಿಂದ್ರೆ ಮಕ್ಕಳಿಗೆ ಮೋಸ, ಆಡಿಟಲ್ಲಿ ಎಚ್‌ಎಂ ಕುತ್ತಿಗೆ. ನೀವು ಹೇಳಿ ಹೋಗ್ತೀರ, ಕಟ್ಟೋರು ನಾವು.

ಗೌರಿಬಿದನೂರು ಪ್ರೈವೇಟ್ ಶಾಲೆ:
ನಮಗೆ ಒಂದು ಪೈಸೆ ಅನುದಾನ ಇಲ್ಲ, ನಿಯಮ ಮಾತ್ರ ಎಲ್ಲಾ ನಮಗೂ. ಅದನ್ನ ಕೇಳೋರಿಲ್ಲ.

ಬಾಗೇಪಲ್ಲಿ ಕಡೆ ಅತಿಥಿ ಶಿಕ್ಷಕಿ:
ಮಣಿಕಟ್ಟು ಉಳುಕಿದ ಮೇಡಂ ಕಾಯಂ ನೌಕರರಾ, ಅತಿಥಿ ಶಿಕ್ಷಕರಾ? ಅದನ್ನ ಯಾರೂ ಕೇಳ್ಲಿಲ್ಲ. ನನಗೆ ಹುಡುಗ ಎಸೆದ ಜಾಮಿಟ್ರಿ ಬಾಕ್ಸ್ ಹುಬ್ಬಿಗೆ ಬಿದ್ದು ಆರು ಹೊಲಿಗೆ, 2,640 ನಾನೇ ಕೊಟ್ಟೆ, ಮೂರು ದಿನ ಬರ್ಲಿಲ್ಲ ಅಂತ ಗೌರವಧನ ಕಟ್ಟು. ಆಮೇಲೆ ಸುರಕ್ಷತೆ ತರಬೇತಿ ಅಂತ ಬಂತು, ಓಓಡಿ (ಡ್ಯೂಟಿ ಮೇಲೆ ಹೊರಗೆ ಹೋಗೋ ಅನುಮತಿ) ಕಾಯಂನೋರಿಗೆ ಮಾತ್ರ. ಅವರು ಹೋದ ಎರಡು ದಿನ ಅವರ ಕ್ಲಾಸೆಲ್ಲ ನೋಡ್ಕೊಂಡಿದ್ದು ಹುಬ್ಬಿಗೆ ಬ್ಯಾಂಡೇಜ್ ಇದ್ದ ನಾನು.

ತುಮಕೂರು ಎಚ್‌ಎಂ:
ಆ ಮೇಡಂ ಅತಿಥಿ ಶಿಕ್ಷಕಿಯೇ ತಾಯಿ. ಮೂರೂ ಜನ ಅತಿಥಿ ಶಿಕ್ಷಕರ ಹೆಸರು ತರಬೇತಿ ಪಟ್ಟಿಯಲ್ಲಿ ಮೊದಲು ಬರೀತೀನಿ. ಶುಕ್ರವಾರ ಎಸ್‌ಡಿಎಂಸಿ ಸಭೆ ಕರೆದಿದೀನಿ, ಆಸ್ಪತ್ರೆಗೂ ಮಂಗಳವಾರ ಹೋಗ್ತೀನಿ.

ಕೋಲಾರ ಜಿಲ್ಲೆ ಮೇಷ್ಟ್ರು:
ಸಹಿ ಅವತ್ತೇ ಹಾಕಿಸ್ಕೊಳ್ಳಿ, ಎದ್ದು ಹೋದ್ಮೇಲೆ ಯಾರೂ ಸಿಗಲ್ಲ.

ಬಾಗೇಪಲ್ಲಿ ಕಡೆ ಅತಿಥಿ ಶಿಕ್ಷಕಿ:
ಪಟ್ಟಿ ಸರಿ ಮೇಡಂ, ಸಂತೋಷ. ಅವರ ಎಕ್ಸ್‌ರೇ ದುಡ್ಡು ಯಾರು ಕೊಟ್ರು?