ಸಹಾಯ ಬೇಕು: ಡಾಂಗ್‌ಹ್ವಾ–ಫೆಂಗ್‌ಜಿಯು ತರಹದ ಜೋಡಿ ಇರುವ ಚೀನೀ ಡ್ರಾಮಾ ಹೇಳಿ

ಎಲ್ಲರಿಗೂ ನಮಸ್ಕಾರ. 2017ರ 'ಎಟರ್ನಲ್ ಲವ್' 58 ಎಪಿಸೋಡೂ ನೋಡಿ ಮುಗಿಸಿದೆ. ನಾಯಕಿ ಯಾಂಗ್ ಮಿ, ನಾಯಕ ಮಾರ್ಕ್ ಚಾವೋ ಇಬ್ಬರೂ ಚೆನ್ನಾಗಿ ಮಾಡಿದ್ದಾರೆ. ಆದರೆ ನನ್ನ ಮನಸ್ಸು ನಿಂತಿದ್ದು ಅದರ ಎರಡನೇ ಜೋಡಿಯ ಹತ್ತಿರ. ಫೆಂಗ್‌ಜಿಯು ಒಂಬತ್ತು ಬಾಲದ ಕೆಂಪು ನರಿ, ಪ್ರೀತಿ ಮುಚ್ಚಿಡಲು ಬರುವುದೇ ಇಲ್ಲ. ಡಾಂಗ್‌ಹ್ವಾ, ಯಾರಿಗೆ ಯಾರು ಜೋಡಿ ಅಂತ ಬರೆದಿರುವ ಮೂರು ಜನ್ಮದ ಕಲ್ಲಿನಿಂದ ತನ್ನ ಹೆಸರನ್ನು ತಾನೇ ಅಳಿಸಿಕೊಂಡವನು. ಹಣೆಬರಹದಲ್ಲೇ ಜೋಡಿ ಇಲ್ಲ! ಅವನು ಸುಮ್ನೆ ಅವಳತ್ತ ನೋಡಿದರೂ ನನಗೆ ಕಣ್ಣು ತುಂಬುತ್ತಿತ್ತು.

ಇವರದೇ ಕಥೆಯಾಗಿ 2020ರಲ್ಲಿ ಬಂದ 'ಎಟರ್ನಲ್ ಲವ್ ಆಫ್ ಡ್ರೀಮ್' ಕೂಡ ನೋಡಿದ್ದೇನೆ. ಫೆಂಗ್‌ಜಿಯು, ಡಾಂಗ್‌ಹ್ವಾ ಆಗಿ ಮೊದಲಿನ ದಿಲ್‌ರಬಾ, ವೆಂಗೊ ಗಾವೋ ಅವರೇ ಇದ್ದಾರೆ, ಇಷ್ಟವೂ ಆಯಿತು. ಆದರೂ ಮೊದಲನೆಯದರಲ್ಲಿ ಸ್ವಲ್ಪವೇ ಸಿಕ್ಕಾಗ ಇದ್ದ ಆ ಸಂಕಟ 56 ಎಪಿಸೋಡಿನಲ್ಲಿ ಹರಡಿಹೋಯಿತು ಅನ್ನಿಸಿತು.

ಎರಡನೇ ಜೋಡಿ ನಾಯಕ-ನಾಯಕಿಯನ್ನೂ ಮೀರಿಸುವ ಬೇರೆ ಫ್ಯಾಂಟಸಿ ಡ್ರಾಮಾ ಇದ್ದರೆ ದಯವಿಟ್ಟು ಹೇಳಿ. 40 ಎಪಿಸೋಡ್ ಒಳಗಿದ್ದರೆ ಒಳ್ಳೆಯದು. ಅಮ್ಮನೂ ಜೊತೆಗೆ ನೋಡುತ್ತಾರೆ, ಇಂಗ್ಲಿಷ್ ಸಬ್‌ಟೈಟಲ್ ಓದಿ ನಾನೇ ಕನ್ನಡದಲ್ಲಿ ಹೇಳಬೇಕು. ಕೊನೆಯಲ್ಲಿ ಆ ಜೋಡಿ ಸೇರುತ್ತದಾ ಅಂತ ಮಾತ್ರ ಹೇಳಬೇಡಿ, ಪ್ಲೀಸ್.