ಉತ್ತರ ಜರ್ಮನಿಯ ಕೆರೆ-ಹಳ್ಳಿಗಳ ನಡುವೆ ಓಡಲು ಯಾವ ದಾರಿ? ಗೊತ್ತಿದ್ದವರು ಹೇಳಿ

ಕೇಳಿದ್ದು:
ಕೀಲ್‌ಗೆ ಕೆಲಸಕ್ಕೆ ಬಂದಿದ್ದೇನೆ. 10 ಕಿ.ಮೀ. ಸಲೀಸಾಗಿ ಓಡುತ್ತೇನೆ, ಸೆಪ್ಟೆಂಬರಿಗೆ ಹಾಫ್ ಮ್ಯಾರಥಾನ್ ಗುರಿ. ಕಾರಿಲ್ಲ. ಭಾನುವಾರ ರೈಲಿನಲ್ಲಿ ಹೋಗಿ ಕೆರೆಯ ಪಕ್ಕ, ಹಳ್ಳಿಗಳ ನಡುವೆ ಓಡಿ ವಾಪಸ್ ಬರುವಂಥ ದಾರಿಗಳು ಬೇಕು. ದೂರ ಎಷ್ಟು, ನೆಲ ಹೇಗೆ, ಮಧ್ಯೆ ಕಾಲು ಕೈಕೊಟ್ಟರೆ ಏನು ಗತಿ? ವಿವರವಾಗಿ ತಿಳಿಸಿದರೆ ಉಪಕಾರ.

ಕೀಲ್‌ನಿಂದ ಒಬ್ಬರು:
ಕೀಲ್–ಲ್ಯೂಬೆಕ್ ರೈಲು ಮಾರ್ಗವನ್ನೇ ನಿಮ್ಮ ನಕ್ಷೆ ಅಂದುಕೊಳ್ಳಿ. ಪ್ರೀಟ್ಸ್, ಆಷೆಬೆರ್ಗ್, ಪ್ಲೋನ್, ಬಾಡ್ ಮಾಲೆಂಟೆ, ಓಯ್ಟೀನ್, ಹೀಗೆ ಒಂದರ ಹಿಂದೆ ಒಂದು ಕೆರೆಯೂರು. ಈ ಸೀಮೆಗೆ ಹೋಲ್‌ಸ್ಟೈನ್ ಸ್ವಿಟ್ಜರ್ಲೆಂಡ್ ಅಂತ ಹೆಸರು. ಹೆಸರು ಕೇಳಿ ಹೆದರಬೇಡಿ, ಇಡೀ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಅತಿ ಎತ್ತರದ ಗುಡ್ಡ ಬುಂಗ್ಸ್‌ಬೆರ್ಗ್ ಇರುವುದೇ 168 ಮೀಟರ್. ಹಾಗಂತ ನೆಲ ಚಪ್ಪಟೆಯೂ ಅಲ್ಲ. ಹಿಮನದಿ ಬಿಟ್ಟುಹೋದ ಗುಡ್ಡೆಗಳು, ಒಂದೊಂದೂ 20–30 ಮೀಟರಿನ ಏರು, ಆದರೆ ಮೇಲಿಂದ ಮೇಲೆ ಬರುತ್ತವೆ. ಗಡಿಯಾರದ ವೇಗ ನೋಡಿಕೊಂಡು ಓಡಿದರೆ ಎಂಟನೇ ಕಿಲೋಮೀಟರಿಗೇ ತೊಡೆ ಬಿಗಿಯುತ್ತದೆ. ಏರಿನಲ್ಲಿ ಉಸಿರು ನೋಡಿ, ವೇಗ ಬಿಡಿ.

ಮೊದಲ ಸಲಕ್ಕೆ ಪ್ಲೋನ್‌ನಿಂದ ಮಾಲೆಂಟೆಗೆ ಒಂದೇ ದಿಕ್ಕಿನ ಓಟ ಒಳ್ಳೆಯದು. ನೀಡರ್‌ಕ್ಲೆವೇಟ್ಸ್ ಮೇಲೆ ಹೋದರೆ 11–12 ಕಿ.ಮೀ., ಕೊನೆಯಲ್ಲಿ ಡೀಕ್‌ಸೇ ಕೆರೆಯ ದಂಡೆ. ಮಾಲೆಂಟೆಯಿಂದ ಹತ್ತು ನಿಮಿಷದೊಳಗೆ ರೈಲು ನಿಮ್ಮನ್ನು ಪ್ಲೋನ್‌ಗೆ ತಂದುಬಿಡುತ್ತದೆ. ಬೇಸಿಗೆಯಾದರೆ ಐದು ಕೆರೆ ದಾಟಿ ಬರುವ ದೋಣಿಯೂ ಉಂಟು, ಅದು ಪ್ಲೋನ್‌ನ ಫೇಗೆಟಾಷೆ ದಂಡೆಗೆ ಬಿಡುತ್ತದೆ. ದೋಣಿಯವರು ಬೆವರು ವಾಸನೆಗೆ ಏನೂ ಅನ್ನುವುದಿಲ್ಲ, ಆದರೂ ಒಂದು ಒಣ ಅಂಗಿ ಚೀಲದಲ್ಲಿರಲಿ. ನೀರಿನ ಮೇಲಿನ ಗಾಳಿಗೆ ಜುಲೈನಲ್ಲೂ ಮೈ ನಡುಗುತ್ತದೆ. ಡಾಯ್ಚ್‌ಲ್ಯಾಂಡ್ ಟಿಕೆಟ್ (ದೇಶದ ಸ್ಥಳೀಯ ರೈಲು-ಬಸ್ಸಿನ ತಿಂಗಳ ಪಾಸು) ಇದ್ದರೆ ರೈಲಿಗೆ ಬೇರೆ ಟಿಕೆಟ್ ಬೇಡ, ದೋಣಿಗೆ ಬೇಕು.

ಓಯ್ಟೀನ್ ಕಡೆಯವರು:
ಹಾಫ್ ಮ್ಯಾರಥಾನ್ ತಯಾರಿಗಾದರೆ ಕೆಲ್ಲರ್‌ಸೇ ಕೆರೆಯ ಸುತ್ತನ್ನು ಬಿಟ್ಟು ಬೇರೆ ಹುಡುಕಬೇಡಿ. ಮಾಲೆಂಟೆ, ಜೀಲ್‌ಬೆಕ್, ಫಿಸ್ಸಾವ್ ಮೂರು ಊರು ಮುಟ್ಟುವ ಸುತ್ತು, 14–15 ಕಿ.ಮೀ. ಜೀಲ್‌ಬೆಕ್ ಪಕ್ಕದಲ್ಲೇ ಉಕ್ಲೈಸೇ ಎಂಬ ಪುಟ್ಟ ಕೆರೆ, ಬೀಚ್ ಮರದ ಕಾಡಿನೊಳಗೆ 3 ಕಿ.ಮೀ. ಆಸುಪಾಸಿನ ಸುತ್ತು. ಎರಡನ್ನೂ ಸೇರಿಸಿದರೆ 18ರ ಹತ್ತಿರ ಬರುತ್ತದೆ. ಮೊದಲ ತಿಂಗಳು ಡೀಕ್‌ಸೇ (ಕವಲು ನೋಡಿಕೊಂಡು 10ರಿಂದ 12), ಆಮೇಲೆ ಕೆಲ್ಲರ್‌ಸೇ, ಓಟದ ದಿನಕ್ಕೆ ಮೂರು ವಾರ ಇರುವಾಗ ಕೆಲ್ಲರ್‌ಸೇ ಜೊತೆ ಉಕ್ಲೈ. ಇಷ್ಟು ಸಾಕು.

ನೆಲದ ಬಗ್ಗೆ. ಊರೊಳಗೆ ಗುಂಡುಕಲ್ಲಿನ ಹಾಸು, ಒದ್ದೆಯಾದರೆ ಸಾಬೂನು ಸವರಿದ ಹಾಗೆ. ಊರಾಚೆ ಜಲ್ಲಿಮಣ್ಣು, ಕಾಡಿನಲ್ಲಿ ಬೇರು. ಅಕ್ಟೋಬರಿನಿಂದ ಬೀಚ್ ಎಲೆ ಬಿದ್ದು ಬೇರನ್ನೆಲ್ಲ ಮುಚ್ಚುತ್ತದೆ, ಕಾಲು ಉಳುಕುವವರೆಲ್ಲ ಉಳುಕಿಸಿಕೊಳ್ಳುವುದು ಆಗಲೇ. ಹೆಜ್ಜೆ ಚಿಕ್ಕದು ಮಾಡಿ, ಪಾದ ಒಂದಿಷ್ಟು ಎತ್ತಿಡಿ. ಮರದ ಕಿರುಸೇತುವೆ ಬಂದರೆ ನಡೆದೇ ದಾಟಿ. ಶೂ ಅಡಿಯಲ್ಲಿ 3–4 ಮಿ.ಮೀ. ಹಲ್ಲು ಇದ್ದರೆ ಸಾಕು. ಬೆಟ್ಟದ ಓಟದ ದಪ್ಪ ಹಲ್ಲಿನ ಶೂ ಇಲ್ಲಿ ಡಾಂಬರಿನ ಮೇಲೆ ಸವೆದುಹೋಗುತ್ತದೆ.

ಇನ್ನೊಂದು ಮಾತು. ‘ಕೆರೆ ಸುತ್ತು’ ಅಂದ ಮಾತ್ರಕ್ಕೆ ನೀರಿನ ಅಂಚಿನಲ್ಲೇ ದಾರಿ ಇರುತ್ತದೆ ಅಂತಲ್ಲ. ದಂಡೆಯಲ್ಲಿ ಜೊಂಡು ಇದ್ದ ಕಡೆ ಅದು ಹಕ್ಕಿಗಳ ಪಾಲು. ದೊಡ್ಡ ಜಮೀನುದಾರರ ಎಸ್ಟೇಟ್ ಇದ್ದ ಕಡೆ ‘ಪ್ರಿವಾಟ್‌ವೇಗ್’ (ಖಾಸಗಿ ದಾರಿ) ಫಲಕ ಬಂದು ದಾರಿ ಹೊಲದ ಕಡೆ ತಿರುಗುತ್ತದೆ. ನಕ್ಷೆಯಲ್ಲಿ ಗೆರೆ ಇದೆ ಎಂದು ಅದರೊಳಗೆ ನುಗ್ಗಬೇಡಿ. ಕಂಬದ ಮೇಲೆ ದೂರದ ನಡಿಗೆದಾರಿಯ ಗುರುತು ಕಂಡರೆ ಅದನ್ನು ಹಿಡಿದು ಹೋಗಬಹುದು.

ಲ್ಯೂಬೆಕ್‌ನಿಂದ:
ಹಾಫ್ ಮುಗಿಸಿದ ಮೇಲೆ ರಾಟ್ಸೆಬುರ್ಗ್ ಕೆರೆಗೆ ಬನ್ನಿ. ಪೂರ್ತಿ ಸುತ್ತು 26 ಕಿ.ಮೀ., ಡಿಸೆಂಬರಿನ ಅಡ್ವೆಂಟ್ ಓಟವೂ ಇದೇ ಸುತ್ತು, ಇದೇ ದೂರ. ಸ್ಟೇಷನ್ ಊರಿನ ಪಶ್ಚಿಮಕ್ಕೆ ಹೊರಗಿದೆ. ದ್ವೀಪದ ಮೇಲಿನ ಹಳೇ ಊರಿಗೆ ಸುಮಾರು 2 ಕಿ.ಮೀ., ಹೋಗಿಬರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೂರ್ವ ದಂಡೆಯಲ್ಲಿ ಬೇಕ್, ರೋಮ್ನಿಟ್ಸ್, ಕಾಂಪೋ, ಉಟೆಖ್ಟ್. ಉತ್ತರ ತುದಿಯಲ್ಲಿ ರೋಟೆನ್‌ಹೂಸೆನ್. ಪಶ್ಚಿಮದಲ್ಲಿ ಗ್ರೋಸ್ ಝಾರಾವ್, ಪೋಗೇಟ್ಸ್, ಬುಖ್‌ಹೋಲ್ಟ್ಸ್. ಪೂರ್ವ ದಂಡೆಯಲ್ಲಿ ಕಾಡು, ಏರಿಳಿತ. ಪಶ್ಚಿಮದಲ್ಲಿ ಹೆದ್ದಾರಿಯ ಸದ್ದು ಹತ್ತಿರ. ಆದ್ದರಿಂದ ಕಾಲು ತಾಜಾ ಇರುವಾಗಲೇ ಪೂರ್ವ ಮುಗಿಸಿ. 26 ಜಾಸ್ತಿ ಅನಿಸಿದರೆ ದಕ್ಷಿಣಕ್ಕೆ ಅಂಟಿಕೊಂಡ ಕ್ಯೂಖೆನ್‌ಸೇ ಸುತ್ತು ಸುಮಾರು 9.

ಕಾಂಪೋ, ಉಟೆಖ್ಟ್ ಹಿಂದಿನ ಪೂರ್ವ ಜರ್ಮನಿಯ ಹಳ್ಳಿಗಳು. ಆ ಭಾಗದಲ್ಲಿ ಗಡಿ ಕಾವಲಿನವರು ಓಡಾಡಲು ಹಾಕಿದ ತೂತಿನ ಕಾಂಕ್ರೀಟು ಹಲಗೆಗಳ ದಾರಿ ಅಲ್ಲಲ್ಲಿ ಇನ್ನೂ ಉಳಿದಿದೆ. ತೂತುಗಳಲ್ಲಿ ಹುಲ್ಲು ಬೆಳೆದು ಮೇಲಿನಿಂದ ಸಮ ಕಾಣುತ್ತದೆ, ಮುಂಗಾಲು ಒಳಗಿಳಿದರೆ ಕಾಲು ಮಡಚಿತು ಅಂತಲೇ. ಎರಡು ಸಾಲು ಹಲಗೆಗಳ ನಡುವಿನ ಹುಲ್ಲುಪಟ್ಟಿಯ ಮೇಲೆ ಓಡಿ.

ಪ್ಲೋನ್‌ನಿಂದ:
ಎಲ್ಲರಿಗೂ ದೊಡ್ಡ ಪ್ಲೋನ್ ಕೆರೆ ಸುತ್ತುವ ಆಸೆ ಹತ್ತುತ್ತದೆ, ಅದಕ್ಕೇ ಈಗಲೇ ಹೇಳಿಬಿಡುವುದು ಮೇಲು. ರಾಜ್ಯದ ಅತಿ ದೊಡ್ಡ ಕೆರೆ, ಮೂವತ್ತು ಚದರ ಕಿ.ಮೀ. ಹತ್ತಿರ. ಸುತ್ತು ಸುಮಾರು 40 ಕಿ.ಮೀ., ಅದರಲ್ಲಿ ಬಹಳಷ್ಟು ರಸ್ತೆಬದಿಯ ಸೈಕಲ್ ದಾರಿ. ಸೈಕಲ್ಲಿಗೆ ಅದು ಚೆಂದ. ಓಟಕ್ಕೆ ಬೇಕೆಂದರೆ ಪ್ಲೋನ್‌ನಿಂದ ಪಶ್ಚಿಮಕ್ಕೆ ಹೊರಡಿ: ಆಷೆಬೆರ್ಗ್, ಡೆರ್ಸಾವ್, ನೇಮ್ಟೆನ್, ಬೋಸಾವ್, ವಾಪಸ್. ಕೆರೆ ನಿಮ್ಮ ಎಡಗಡೆ ಇರಬೇಕು. ಕಾರಣ ಗಾಳಿ. ಇಲ್ಲಿ ಗಾಳಿ ಬಹುಪಾಲು ಪಶ್ಚಿಮದಿಂದ. ಮೊದಲ ಹತ್ತು ಕಿಲೋಮೀಟರಿನಲ್ಲೇ ಎದುರುಗಾಳಿ ಉಂಡು ಮುಗಿಸಿದರೆ, ನೇಮ್ಟೆನ್‌ನಿಂದ ಮುಂದೆ ಅದೇ ಗಾಳಿ ಬೆನ್ನಿಗೆ ಬರುತ್ತದೆ. ತಿರುಗಾಮುರುಗಾ ಮಾಡಿದರೆ ಬೆವರಿದ ಮೈಗೆ, ದಣಿದ ಹೊತ್ತಿನಲ್ಲಿ, ನೀರಿನ ಮೇಲಿಂದ ಬೀಸುವ ಗಾಳಿ ನೇರ ಎದೆಗೆ. ಯಾವ ಕೆರೆಗಾದರೂ ಲೆಕ್ಕ ಇದೇ.

ಇದರಲ್ಲಿ ರೈಲು ಸಿಗುವುದು ಪ್ಲೋನ್, ಆಷೆಬೆರ್ಗ್ ಎರಡೇ ಕಡೆ. ಡೆರ್ಸಾವ್ ದಾಟಿದ ಮೇಲೆ ಬಸ್ಸನ್ನು ನಂಬಿ ಕೂರಬೇಡಿ. ವೇಳಾಪಟ್ಟಿಯಲ್ಲಿ ‘ಎಸ್’ ಅಕ್ಷರ ಇದ್ದರೆ ಆ ಬಸ್ಸು ಶಾಲೆ ಇರುವ ದಿನ ಮಾತ್ರ. ಇನ್ನು ಕೆಲವು ಮೊದಲೇ ಫೋನು ಮಾಡಿ ಕರೆಸಬೇಕಾದವು, ನಿಂತ ಜಾಗದಲ್ಲಿ ಕೈ ಅಡ್ಡ ಹಾಕಿದರೆ ಬರುವುದಿಲ್ಲ. ಹೊರಡುವ ಮುಂಚೆ ಭಾನುವಾರದ ಪಟ್ಟಿ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹಳ್ಳಿಗಳ ನಡುವೆ ನೆಟ್‌ವರ್ಕ್ ಹೋಗುವುದು ಮಾಮೂಲು. ನಕ್ಷೆಯೂ ಆಫ್‌ಲೈನ್ ಇರಲಿ.

ಕೇಳಿದವರು:
ತುಂಬ ಥ್ಯಾಂಕ್ಸ್. ನೀರು, ತಿಂಡಿ ದಾರಿಯಲ್ಲಿ ಸಿಗುತ್ತದೆಯೇ? ಹುಳ ಹುಪ್ಪಟೆ, ನಾಯಿ ಕಾಟ?

ಪ್ಲೋನ್‌ನಿಂದ:
ಭಾನುವಾರ ಸಾಮಾನ್ಯವಾಗಿ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ. ಬೇಕರಿ ಬೆಳಿಗ್ಗೆ ಕೆಲವು ಗಂಟೆ ತೆರೆದಿರುತ್ತದೆ, ಅದೂ ಮಾಲೆಂಟೆಯಂಥ ಊರಲ್ಲಿ. ಚಿಕ್ಕ ಹಳ್ಳಿಯಲ್ಲಿ ಅಂಗಡಿಯೇ ಇಲ್ಲ. ಒಂದೂವರೆ ಗಂಟೆ ಮೀರುವ ಓಟಕ್ಕೆ ಬೇಸಿಗೆಯಲ್ಲಿ ಗಂಟೆಗೆ ಅರ್ಧ ಲೀಟರಿನ ಲೆಕ್ಕದಲ್ಲಿ ನೀರು ಹೊತ್ತೇ ಹೋಗಿ. ಸ್ಮಶಾನಗಳಲ್ಲಿ ಗಿಡಕ್ಕೆ ಹಾಕುವ ನಲ್ಲಿ ಇರುತ್ತದೆ. ‘ಕೈನ್ ಟ್ರಿಂಕ್‌ವಾಸರ್’ (ಕುಡಿಯುವ ನೀರಲ್ಲ) ಅಂತ ಬರೆದಿದ್ದರೆ ತಲೆಗೆ ಸುರಿದುಕೊಳ್ಳಿ, ಕುಡಿಯಬೇಡಿ. ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟುತ್ತದೆಂದು ಬಂದ್ ಮಾಡಿರುತ್ತಾರೆ. ಕೆರೆ ನೀರಂತೂ ಬೇಡವೇ ಬೇಡ, ಬಿಸಿಲು ಹೆಚ್ಚಾದ ವಾರಗಳಲ್ಲಿ ನೀಲಿ-ಹಸಿರು ಪಾಚಿ ಬರುತ್ತದೆ. ಜೂನ್‌ನಲ್ಲಿ ಹೊಲದ ಗೇಟಿನಲ್ಲಿ ಸ್ಟ್ರಾಬೆರಿ, ಶರತ್ಕಾಲದಲ್ಲಿ ಸೇಬು ಇಟ್ಟಿರುತ್ತಾರೆ, ಪಕ್ಕದಲ್ಲಿ ದುಡ್ಡಿನ ಡಬ್ಬಿ. ಕಾಯುವವರು ಯಾರೂ ಇರುವುದಿಲ್ಲ. ಎರಡು ಯೂರೋ ಚಿಲ್ಲರೆ ಜೇಬಲ್ಲಿರಲಿ.

ಓಯ್ಟೀನ್ ಕಡೆಯವರು:
ನಾಯಿ ಕಾಟ ಇಲ್ಲ. ಕಾಟ ಇರುವುದು ಗಿಡುಗದ್ದು! ಏಪ್ರಿಲ್‌ನಿಂದ ಜುಲೈವರೆಗೆ ಮರಿ ಇರುವ ಬುಸ್ಸಾರ್ಡ್ ಗಿಡುಗ ಓಡುವವರ ತಲೆಗೆ ಹಿಂದಿನಿಂದ ಎರಗುತ್ತದೆ. ಓಡಿದಷ್ಟೂ ಅಟ್ಟಿಸಿಕೊಂಡು ಬರುತ್ತದೆ. ಓಟ ನಿಲ್ಲಿಸಿ, ಅದರ ಕಡೆಗೇ ಮುಖ ಮಾಡಿ, ಕೈ ತಲೆಯ ಮೇಲೆತ್ತಿ ನಡೆದು ದಾಟಿ. ಟೋಪಿ ಹಾಕಿರಿ. ಎಚ್ಚರಿಕೆ ಫಲಕ ಕಂಡರೆ ಜುಲೈ ಮುಗಿಯುವವರೆಗೆ ಆ ಕಡೆ ಹೋಗದಿರುವುದೇ ಕ್ಷೇಮ.

ಮಲೆನಾಡಿನವರಾದರೆ ಉಣುಗು ಅಂದರೆ ಮಂಗನ ಕಾಯಿಲೆ ನೆನಪಾಗುತ್ತದೆ. ಇಲ್ಲಿ ಉಣುಗು ತರುವುದು ಬೊರ್ರೆಲಿಯೋಸೆ, ಅಂದರೆ ಲೈಮ್ ಕಾಯಿಲೆ. ಕಾಡಿನಲ್ಲಿ ದಾರಿ ಮಧ್ಯೆ ಓಡಿದರೆ ಹತ್ತುವುದು ಕಡಿಮೆ, ಸೊಂಟದೆತ್ತರದ ಹುಲ್ಲಿನಲ್ಲಿ ನುಗ್ಗಿದರೆ ಖಂಡಿತ. ಮನೆಗೆ ಬಂದು ಸ್ನಾನಕ್ಕೆ ಮುಂಚೆ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿ ಹಿಡಿದು ಬಹಳ ಗಂಟೆಗಳಾದ ಮೇಲೇ ರೋಗಾಣು ದಾಟುವ ಸಂಭವ ಹೆಚ್ಚು, ಆದ್ದರಿಂದ ಅದೇ ದಿನ ತೆಗೆದರೆ ಭಯ ಕಡಿಮೆ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ. ಆಮೇಲೆ ಕೆಲವು ದಿನ, ವಾರಗಳಲ್ಲಿ ಕೆಂಪು ಉಂಗುರ ಹರಡಿದರೆ ಫೋಟೋ ತೆಗೆದು ವೈದ್ಯರ ಹತ್ತಿರ ಹೋಗಿ.

ಕೀಲ್‌ನಿಂದ ಒಬ್ಬರು:
ಹೊಲದ ಕ್ಯಾಲೆಂಡರೂ ಗೊತ್ತಿರಲಿ. ಇಲ್ಲಿ ಹೊಲದ ಬದುವಿನ ಮೇಲೆ ಹೇಜಲ್, ಮುಳ್ಳುಗಿಡ ಬೆಳೆಸಿದ ಬೇಲಿಗೆ ‘ಕ್ನಿಕ್’ ಅನ್ನುತ್ತಾರೆ. ಎರಡು ಕ್ನಿಕ್ ನಡುವಿನ ದಾರಿ ‘ರೆಡ್ಡರ್’, ನಮ್ಮ ಕಡೆ ಓಣಿ ಅನ್ನುತ್ತೇವಲ್ಲ, ಥೇಟ್ ಅದೇ. ಗಾಳಿ ಜೋರಿದ್ದ ದಿನ ಓಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಅಕ್ಟೋಬರಿನಿಂದ ಫೆಬ್ರವರಿ ಕೊನೆವರೆಗೆ ಈ ಬೇಲಿಯನ್ನು ಬುಡಕ್ಕೆ ಕಡಿಯುತ್ತಾರೆ (ಒಂದೊಂದು ಬೇಲಿಗೆ ಹತ್ತು-ಹದಿನೈದು ವರ್ಷಕ್ಕೊಮ್ಮೆ). ಕಡಿದ ಕಡೆ ಕಪ್ಪುಮುಳ್ಳಿನ ಚೂರು ದಾರಿತುಂಬ, ತೆಳು ಅಟ್ಟೆಯ ಶೂ ತೂರಿ ಬರುತ್ತದೆ. ತಾಜಾ ಕಡಿದ ಬುಡ ಕಂಡರೆ ಬೇರೆ ದಾರಿ ಹಿಡಿಯಿರಿ.

ಮೇ ತಿಂಗಳಲ್ಲಿ ರಾಪ್ಸ್ (ಸಾಸಿವೆ ಜಾತಿಯ ಎಣ್ಣೆಬೀಜ) ಹೊಲ ಹಳದಿ, ಫೋಟೋಗೆ ಚೆಂದ. ಮೂಗು ಸೋರುವವರಿಗೆ ಆ ತಿಂಗಳು ಕಷ್ಟ. ಆಗಸ್ಟ್-ಸೆಪ್ಟೆಂಬರಿನಲ್ಲಿ ಮೆಕ್ಕೆಜೋಳ ಆಳೆತ್ತರ ನಿಂತು ಅಡ್ಡರಸ್ತೆಯ ಟ್ರಾಕ್ಟರ್ ಕಾಣುವುದಿಲ್ಲ, ಇಯರ್‌ಫೋನ್ ತೆಗೆದಿಡಿ. ಕಟಾವಿನ ಹೊತ್ತಿಗೆ ಡಾಂಬರಿನ ಮೇಲೆ ಕೆಸರು. ಫೆಬ್ರವರಿಯಲ್ಲಿ ಗಂಜಲಗೊಬ್ಬರದ ಟ್ಯಾಂಕರುಗಳು ಶುರು: ಆವರೆಗೆ ಹೊಲಕ್ಕೆ ಹಾಕಲು ನಿಷೇಧ, ಬಿಟ್ಟ ಮೊದಲ ವಾರ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಆ ವಾರ ಕಾಡಿನೊಳಗಿನ ಉಕ್ಲೈ ಸುತ್ತೇ ಸರಿ.

ಪಾದಚಾರಿ ದಾರಿಯೂ ಸೈಕಲ್ ದಾರಿಯೂ ಇಲ್ಲದ ಕಡೆ, ಊರ ಹೊರಗೆ ರಸ್ತೆಯ ಎಡ ಅಂಚಿನಲ್ಲಿ ಓಡಬೇಕು, ಎದುರಿನ ವಾಹನ ಕಾಣುವ ಹಾಗೆ. ಇದು ಇಲ್ಲಿಯ ಕಾನೂನು. ಇಲ್ಲಿ ವಾಹನ ಬಲಕ್ಕೆ ಹೋಗುವುದರಿಂದ ನಮ್ಮೂರಿನ ಅಭ್ಯಾಸ ತಿರುವುಮುರುವು. ದಣಿದಾಗ ತಪ್ಪುವುದು ಅಲ್ಲೇ. ಹಳದಿ ಊರ ಫಲಕ ದಾಟಿದರೆ ಕಾರುಗಳು ಗಂಟೆಗೆ 100ರವರೆಗೆ ಓಡಬಹುದು.

ಲ್ಯೂಬೆಕ್‌ನಿಂದ:
ಚಳಿಗಾಲಕ್ಕೆ ಒಂದು ಮಾತು ಸೇರಿಸುತ್ತೇನೆ. ಡಿಸೆಂಬರ್ ಕೊನೆಗೆ ಬೆಳಕು ಹರಿಯುವುದು ಎಂಟೂವರೆಗೆ, ಸೂರ್ಯ ಮುಳುಗುವುದು ಸಂಜೆ ನಾಲ್ಕಕ್ಕೆ. ಹನ್ನೊಂದಕ್ಕೆ ಓಟ ಶುರುವಾಗುವ ಹಾಗೆ ರೈಲು ಹಿಡಿಯಿರಿ. ತಲೆದೀಪ, ಹೊಳೆಯುವ ಪಟ್ಟಿ ಚೀಲದಲ್ಲೇ ಇರಲಿ. ಕೈಗವಸು ಮರೆತರೆ ನಂತರ ಜಿಪ್ ಹಾಕಲೂ ಬೆರಳು ಬಗ್ಗುವುದಿಲ್ಲ. ಕಾಡಿನಲ್ಲಿ ಹಸಿರು ಫಲಕದ ಮೇಲೆ ಬಿಳಿ ಶಿಲುಬೆ ಮತ್ತು ಸಂಖ್ಯೆ ಕಂಡರೆ ಫೋಟೋ ತೆಗೆದುಕೊಳ್ಳುತ್ತ ಹೋಗಿ. ಬಿದ್ದು ಏಳಲಾಗದಿದ್ದರೆ ತುರ್ತು ಕರೆ 112ಕ್ಕೆ ಆ ಸಂಖ್ಯೆ ಹೇಳಿದರೆ ಸಾಕು, ಊರಿನ ಹೆಸರು ಉಚ್ಚರಿಸಲು ಒದ್ದಾಡಬೇಕಿಲ್ಲ.

ಎದುರು ಯಾರೇ ಬಂದರೂ ‘ಮೊಯಿನ್’ ಅನ್ನಿ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಒಂದೇ ಸಲ ಸಾಕು, ಎರಡು ಸಲ ಅಂದರೆ ವಾಚಾಳಿ ಅಂದುಕೊಳ್ಳುತ್ತಾರೆ.